ದುಡ್ಡಿನಾಸೆ ಅನ್ನಬೇಡಿ

ಮಕ್ಕಳ ವಿಭಾಗ ಬಿಟ್ಟು ರೇಡಿಯಾಲಜಿ, ಚರ್ಮರೋಗದ ಸೀಟು ಹಿಡಿಯುವ ಯುವ ವೈದ್ಯರದು ಬರೀ ದುಡ್ಡಿನಾಸೆ ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ಜಿಲ್ಲಾ ಕೇಂದ್ರವೊಂದರಲ್ಲಿ 11 ವರ್ಷಗಳಿಂದ ಮಕ್ಕಳ ಡಾಕ್ಟರಾಗಿರುವ ನನಗೆ ಈ ಮಾತು ನೋವು ತಂದಿತು.

ಎಂಬಿಬಿಎಸ್ ಐದೂವರೆ ವರ್ಷ, ಎಂಡಿ 3 ವರ್ಷ. ನವಜಾತ ಶಿಶುಗಳ ಚಿಕಿತ್ಸೆಯಲ್ಲಿ ಡಿಎಂ ಎಂಬ ಇನ್ನೂ ಮೇಲಿನ ಪದವಿ ಬೇಕೆಂದರೆ ಮತ್ತೆ 3 ವರ್ಷ. ಇಷ್ಟು ಓದಿ ಬಂದವರು ಒಂದೂವರೆ ಕೆಜಿ ಕೂಸಿನ ಕೈಯಲ್ಲಿ ನೂಲಿನೆಳೆಯಂಥ ರಕ್ತನಾಳ ಹುಡುಕಿ ಸೂಜಿ ಹಾಕಬೇಕು, ಒಂದೊಂದು ಔಷಧವನ್ನೂ ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಬೇಕು, ಹೆದರಿ ಕೂತ ತಾಯಿಗೂ ಅಜ್ಜಿಗೂ ಬಿಡಿಸಿ ಹೇಳಬೇಕು. ಇದಕ್ಕೆಲ್ಲ ಹಿಡಿಯುವ ಹೊತ್ತಿಗೆ ಬಿಲ್ಲಿನಲ್ಲಿ ಜಾಗವಿಲ್ಲ. ದುಡ್ಡು ಹುಟ್ಟುವುದು ಸ್ಕ್ಯಾನಿಗೆ, ಸ್ಟೆಂಟಿಗೆ, ಆಪರೇಷನ್ನಿಗೆ.

ಅಮೆರಿಕದಲ್ಲೂ ಮಕ್ಕಳ ಹಾರ್ಮೋನ್ ಅಥವಾ ಸೋಂಕುರೋಗ ತಜ್ಞರಾಗಲು 3 ವರ್ಷ ಹೆಚ್ಚು ಓದಿದವರು ಸಾಮಾನ್ಯ ಮಕ್ಕಳ ವೈದ್ಯರಿಗಿಂತ ಕಡಿಮೆ ಗಳಿಸುವುದುಂಟು. ಬಡ ಮಕ್ಕಳ ಖರ್ಚು ಭರಿಸುವ ಮೆಡಿಕೇಡ್ ಎಂಬ ಸರ್ಕಾರಿ ವಿಮೆ ಅಲ್ಲಿ ವೈದ್ಯರಿಗೆ ಕೊಡುವ ದರ, ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ದರಕ್ಕಿಂತ ಸಾಮಾನ್ಯವಾಗಿ ಕಡಿಮೆ. ಇದೂ ಒಂದು ಕಾರಣ.

ಹೋದ ವರ್ಷ ನಮ್ಮ ಘಟಕದ ಕಿರಿಯ ವೈದ್ಯೆಯೊಬ್ಬಳು ಕೆಲಸ ಬಿಟ್ಟಳು. ತಲೆಯ ಮೇಲೆ ಓದಿನ ಸಾಲ, ದಿನ ಬಿಟ್ಟು ದಿನ ರಾತ್ರಿ ಪಾಳಿ. ಹೊರಡುವ ದಿನ ಕೂಸನ್ನು ಬೆಚ್ಚಗಿಡುವ ವಾರ್ಮರಿನಲ್ಲಿದ್ದ ಮಗುವಿನ ಕಾಲು ಮುಟ್ಟಿ ಅತ್ತಳು. ಅವಳಿಗೆ ದುಡ್ಡಿನಾಸೆ ಎಂದು ನಾನು ಹೇಗೆ ಹೇಳಲಿ? ರಾತ್ರಿ ಪಾಳಿಗೆ ಪ್ರತ್ಯೇಕ ಭತ್ಯೆ, ಜೊತೆಗೆ ಇನ್ನೊಬ್ಬ ವೈದ್ಯರು, ಅವಳು ಕೇಳಿದ್ದು ಇಷ್ಟೇ.