ಏಣಿ ಹಿಡಿಯುವವನಿಗೂ ಕೂಲಿ ಕೊಡಿ

ಯುಗಾದಿ ಹತ್ತಿರ ಬಂತು ಅಂದ್ರೆ ಬಳ್ಳಾರಿಯಲ್ಲಿ ನಮ್ಮಂಥ ವೈರಿಂಗ್ ಕೆಲಸದವರಿಗೆ ಬಿಡುವೇ ಇರಲ್ಲ. ಬಿಸಿಲು 40 ಡಿಗ್ರಿ ಕಡೆ ಹೊರಟಿರುತ್ತೆ. ಎಲ್ಲರ ಮನೆಯಲ್ಲೂ ಇವತ್ತೇ ಫ್ಯಾನ್ ತಿರುಗಬೇಕು. ಫೋನ್ ಮಾಡಿದವರು ರೇಟ್ ಕೇಳ್ತಾರೆ, ನಾನು ಇಬ್ಬರ ಕೂಲಿ ಹೇಳ್ತೀನಿ. ತಕ್ಷಣ ಆ ಕಡೆಯಿಂದ ಮಾತು ಬರುತ್ತೆ: "ಎರಡು ಫ್ಯಾನಿಗೆ ಇಬ್ರು ಯಾಕ್ರೀ? ಏಣಿ ಹಿಡ್ಯಾಕೂ ಪಗಾರ ಕೊಡ್ಬೇಕೇನು?"

ಹೌದು, ಕೊಡಬೇಕು. ಯಾಕೆ ಅಂತ ಫೋನಿನಲ್ಲಿ ಬಿಡಿಸಿ ಹೇಳೋಕಾಗಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಏಣಿ ಮೇಲಿದ್ದಾಗ ಮೂರು ಕಡೆ ಹಿಡಿತ ಇರಬೇಕು ಅನ್ನೋದು ನಿಯಮ. ಎರಡು ಕಾಲು ಒಂದು ಕೈ, ಇಲ್ಲಾ ಎರಡು ಕೈ ಒಂದು ಕಾಲು. ಹತ್ತುವಾಗ, ಇಳಿಯುವಾಗ ಇದನ್ನು ಪಾಲಿಸಬಹುದು. ಆದರೆ ನಮ್ಮ ಕೆಲಸ ಎರಡೂ ಕೈ ಕೇಳುತ್ತೆ. ಒಂದು ಸಾಧಾರಣ ಸೀಲಿಂಗ್ ಫ್ಯಾನ್ ನಾಲ್ಕೈದು ಕಿಲೋ ತೂಗುತ್ತೆ. ಒಂದು ಕೈಯಲ್ಲಿ ಅದನ್ನು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹುಕ್ಕಿಗೆ ಬೋಲ್ಟ್ ತೂರಿಸಿ, ನಟ್ ತಿರುಗಿಸಿ, ಪಿನ್ ಹಾಕಬೇಕು. ಅಷ್ಟು ಹೊತ್ತು ಮೈ ನಿಂತಿರೋದು ಬರೀ ಕಾಲಿನ ಮೇಲೆ. ಆಗ ಕೆಳಗೆ ಏಣಿಗೆ ಕಾಲು ಕೊಟ್ಟು, ಎರಡೂ ಕೈಯಲ್ಲಿ ಅದುಮಿ ಹಿಡಿದು ನಿಂತವನೇ ನಮ್ಮ ಮೂರನೇ ಹಿಡಿತ. ಫ್ಯಾನ್ ಎತ್ತಿ ಕೊಡೋದೂ ಅವನೇ. ಅವನಿಲ್ಲದಿದ್ದರೆ ಫ್ಯಾನ್ ಹಿಡ್ಕೊಂಡೇ ಏಣಿ ಹತ್ತಬೇಕು, ಆಗ ಹತ್ತುವಾಗಲೂ ಮೂರು ಹಿಡಿತ ಇಲ್ಲ.

"ನಾನೇ ಹಿಡೀತೀನಿ ಬಿಡ್ರಿ" ಅನ್ನುವ ಯಜಮಾನರೂ ಇದ್ದಾರೆ. ಮನಸ್ಸು ಒಳ್ಳೇದೇ. ಆದರೆ ಫೋನ್ ಬಂದರೆ ಹೊರಗೆ ಹೋಗ್ತಾರೆ, ಬಾಗಿಲು ಬಡಿದರೆ ಹೋಗ್ತಾರೆ. ಮೇಲಿರುವವನ ಕಣ್ಣು ಸೀಲಿಂಗ್ ಕಡೆ ಇರುತ್ತೆ, ಕೆಳಗೆ ಯಾರೂ ಇಲ್ಲ ಅನ್ನೋದು ಅವನಿಗೆ ಗೊತ್ತೇ ಆಗಲ್ಲ.

ಈಗಿನ ಮನೆಗಳ ನೆಲ ಬೇರೆ ಹಾಗಿದೆ. ಗ್ರಾನೈಟ್, ಪಾಲಿಶ್ ಮಾಡಿದ ಟೈಲ್ಸ್. ಏಣಿಯ ಕಾಲಿನ ರಬ್ಬರ್ ಸವೆದಿದ್ದರೆ ಆ ನೆಲದ ಮೇಲೆ ನಿಲ್ಲಲ್ಲ. ಟೈಲ್ಸಿಗೆ ಗೀರು ಬೀಳಬಾರದು ಅಂತ ಮನೆಯವರು ಏಣಿಯ ಕೆಳಗೆ ಗೋಣಿಚೀಲ ಹಾಸಿ ಅಂತಾರೆ. ಚೀಲದ ಸಮೇತ ಏಣಿ ಜಾರುತ್ತೆ. ರಬ್ಬರ್ ಮ್ಯಾಟ್ ಇದ್ದರೆ ಕೊಡಿ, ಇಲ್ಲಾಂದ್ರೆ ಏನೂ ಹಾಸಬೇಡಿ. ಗೋಡೆಗೆ ಒರಗಿಸುವ ಏಣಿ ಆದರೆ ನಾಲ್ಕಕ್ಕೆ ಒಂದರ ಲೆಕ್ಕ: ಹನ್ನೆರಡು ಅಡಿ ಎತ್ತರದಲ್ಲಿ ಒರಗಿದ್ದರೆ ಏಣಿಯ ಕಾಲು ಗೋಡೆಯಿಂದ ಮೂರು ಅಡಿ ಆಚೆ ಇರಬೇಕು. ಅಳತೆ ಟೇಪೇ ಬೇಕಂತಿಲ್ಲ. ಏಣಿಯ ಕಾಲಿಗೆ ನಮ್ಮ ಕಾಲ್ಬೆರಳು ತಾಗಿಸಿ ನೆಟ್ಟಗೆ ನಿಂತು ಕೈ ಮುಂದೆ ಚಾಚಿದರೆ ಅಂಗೈ ಮೆಟ್ಟಿಲಿಗೆ ಸಿಗಬೇಕು. ಮಾಳಿಗೆ ಹತ್ತೋ ಏಣಿ ಆದರೆ ಮಾಳಿಗೆಯ ಅಂಚಿಗಿಂತ ಮೂರು ಅಡಿ ಮೇಲೆ ಚಾಚಿರಬೇಕು, ಹಿಡ್ಕೊಂಡು ಇಳಿಯೋಕೆ. ಇದೆಲ್ಲ ನಾನು ಹುಟ್ಟಿಸಿದ್ದಲ್ಲ. ಏಣಿಗೆ ಅಂತಲೇ ನಮ್ಮ ದೇಶದಲ್ಲಿ ಐಎಸ್ 3696 ಅನ್ನೋ ಮಾನಕದ ಎರಡನೇ ಭಾಗ 1991ರಿಂದ ಇದೆ. ನಮ್ಮ ಹುಡುಗರಿಗೆ ಇದನ್ನು ಯಾರೂ ಓದಿ ಹೇಳಿಲ್ಲ ಅಷ್ಟೆ.

ಇನ್ನು ಕರೆಂಟಿನ ಮಾತು. ಶಾಕ್ ಹೊಡೆದು ಸತ್ತ ಅಂತ ಊರಲ್ಲಿ ಹೇಳ್ತಾರಲ್ಲ, ಏಣಿ ಮೇಲೆ ಅಷ್ಟು ದೊಡ್ಡ ಶಾಕ್ ಬೇಕಾಗಿಲ್ಲ. ನೆಲದ ಮೇಲೆ ನಿಂತಾಗ ಕೈ ಝಾಡಿಸಿ ಸುಮ್ಮನಾಗುವಂಥ ಶಾಕ್ ಸಾಕು. ಮೈ ಬೆಚ್ಚಿ ಹಿಂದಕ್ಕೆ ಎಳೆಯುತ್ತೆ, ಕಾಲು ತಪ್ಪುತ್ತೆ. ನನ್ನ ಗೆಳೆಯನೊಬ್ಬ ಬಿದ್ದಿದ್ದು ಹೀಗೇ, ಒಂದು ಮನೆಯ ಹಾಲ್‌ನಲ್ಲಿ, ಒಬ್ಬನೇ ಕೆಲಸ ಮಾಡುವಾಗ. ಮೇನ್ ಆಫ್ ಮಾಡಿದ್ದ. ಆದರೆ ಆ ಮನೆಯಲ್ಲಿ ಯುಪಿಎಸ್ ಇತ್ತು. ಹಾಲಿನ ಫ್ಯಾನು, ಲೈಟು ಯುಪಿಎಸ್ ಲೈನಿನಲ್ಲಿದ್ದವು. ಮೇನ್ ಇಳಿಸಿದ ಕೂಡಲೇ ಅದು ಬ್ಯಾಟರಿಯಿಂದ 230 ವೋಲ್ಟ್ ಕೊಡೋಕೆ ಶುರು ಮಾಡಿತ್ತು. ಬಿದ್ದಿದ್ದು ಆಳೆತ್ತರಕ್ಕಿಂತ ಸ್ವಲ್ಪ ಜಾಸ್ತಿ ಎತ್ತರದಿಂದ ಅಷ್ಟೇ. ಹಿಮ್ಮಡಿ ಮೂಳೆ ಒಡೀತು. ನೆಟ್ಟಗೆ ಕಾಲ ಮೇಲೆ ಬಿದ್ದವರಿಗೆ ಹೆಚ್ಚಾಗಿ ಮುರಿಯೋದು ಅದೇ ಮೂಳೆ. ಈಗ ನಡೀತಾನೆ, ಆದರೆ ಏಣಿಯ ಮೆಟ್ಟಿಲ ಮೇಲೆ ಹತ್ತು ನಿಮಿಷ ನಿಲ್ಲೋಕಾಗಲ್ಲ. ಅವನ ಕಸುಬೇ ಹೋಯಿತು.

ಅದಕ್ಕೇ ಬೇಡಿಕೊಳ್ತೀನಿ. ಮನೆಗೆ ಕೆಲಸದವರು ಬಂದಾಗ ಯುಪಿಎಸ್ ಇದೆ ಅಂತ ಮೊದಲೇ ಹೇಳಿ. ಮೇನ್ ಜೊತೆಗೆ ಅದನ್ನೂ ಆಫ್ ಮಾಡಿಸಿ, ಆಮೇಲೆ ಟೆಸ್ಟ್ ಲ್ಯಾಂಪ್ ಇಟ್ಟು ನೋಡಲಿ. ಕರೆಂಟ್ ಹೋಗಿದೆಯಲ್ಲ, ಅಷ್ಟರಲ್ಲೇ ಮುಗಿಸಿಬಿಡಿ ಅಂತ ಮಾತ್ರ ಹೇಳಬೇಡಿ. ಕರೆಂಟ್ ಯಾವಾಗ ಬರುತ್ತೆ ಅಂತ ಯಾರಿಗೆ ಗೊತ್ತು? ಕರೆಂಟ್ ಮೈಗೋ ನೆಲಕ್ಕೋ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ ಬರುತ್ತೆ, ಆರ್‌ಸಿಸಿಬಿ ಅಂತ. 30 ಮಿಲಿ ಆಂಪಿಯರಿನದು ಹಾಕಿಸಿ, ಜೀವ ಉಳಿಸುತ್ತೆ. ಆದರೆ ಅದು ಟ್ರಿಪ್ ಆಗುವ ಮೊದಲು ಬೆಚ್ಚಿ ಬೀಳೋದನ್ನು ಅದೂ ತಡೆಯಲ್ಲ.

ಗಲ್ಲಿಗಳಲ್ಲಿ ಅಲ್ಯೂಮಿನಿಯಂ ಏಣಿ ಇನ್ನೂ ಅಪಾಯ. ಹಗುರ ಅಂತ ಎಲ್ಲರೂ ಅದನ್ನೇ ತರ್ತಾರೆ. ಕಂಬದಿಂದ ಮನೆಗೆ ಎಳೆದ ಸರ್ವಿಸ್ ವೈರು ತಲೆ ಮೇಲೇ ಇರುತ್ತೆ, ಏಣಿ ನೆಟ್ಟಗೆ ಎತ್ತಿದ ಕೂಡಲೇ ತಾಗುತ್ತೆ. ಫೈಬರ್ ಏಣಿಗೆ ದುಡ್ಡು ಜಾಸ್ತಿ, ಆದರೂ ಕರೆಂಟ್ ಕೆಲಸಕ್ಕೆ ಅದೇ ಸರಿ.

ಬಿದ್ದರೆ ನಾಲ್ಕು ಜನಕ್ಕೆ ಗೊತ್ತಾಗುತ್ತೆ. ಯಾರಿಗೂ ಕಾಣದೆ ಮೈ ತಿನ್ನುವ ನೋವು ಬೇರೆ ಇದೆ, ಅದರ ಬಗ್ಗೆ ನಮ್ಮವರು ಬಾಯೇ ಬಿಡಲ್ಲ. ಕೈ ತಲೆಗಿಂತ ಮೇಲೆ ಎತ್ತಿ ಹಿಡಿದಾಗ ಭುಜದ ಮೂಳೆಯ ಕೆಳಗಿನ ಸಂದು ಕಿರಿದಾಗಿ ಅಲ್ಲಿನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ಸಿಕ್ಕಿಕೊಂಡು ಉಜ್ಜುತ್ತೆ. ಎತ್ತಿದ ಕೈಗೆ ರಕ್ತವೂ ಸರಿಯಾಗಿ ಹರಿಯಲ್ಲ, ಬೇಗ ಸೋಲುತ್ತೆ. ಅದೇ ಕೈಯಲ್ಲಿ ಹ್ಯಾಮರ್ ಡ್ರಿಲ್ ಹಿಡಿದು ಸ್ಲ್ಯಾಬಿಗೆ ತೂತು ಕೊರೆಯಬೇಕು. ಡ್ರಿಲ್ಲಿನ ಬಿಟ್ ಸ್ಲ್ಯಾಬಿನೊಳಗಿನ ಕಂಬಿಗೆ ಸಿಕ್ಕಿಕೊಂಡರೆ ಮಷಿನ್ನೇ ಕೈ ತಿರುಚುತ್ತೆ. ವರ್ಷಗಟ್ಟಲೆ ಹೀಗೆ ಮಾಡಿದವರನ್ನು ಮುಂಜಾನೆ ನೋಡಿ. ಅಂಗಿಯ ತೋಳಿಗೆ ಕೈ ತೂರಿಸುವಾಗ ಮುಖ ಕಿವುಚ್ತಾರೆ. ರಾತ್ರಿ ಆ ಮಗ್ಗುಲಿಗೆ ಮಲಗೋಕಾಗಲ್ಲ. ಕತ್ತು ಹಿಂದಕ್ಕೆ ಬಗ್ಗಿಸಿ ಬಗ್ಗಿಸಿ ಕೆಳಗಿಳಿದಾಗ ತಲೆ ತಿರುಗುತ್ತೆ. ಹವಾಯಿ ಚಪ್ಪಲಿಯಲ್ಲಿ ಸಣ್ಣ ಮೆಟ್ಟಿಲ ಮೇಲೆ ನಿಂತು ಅಂಗಾಲಿನ ನಡುಭಾಗ ಒತ್ತಿ, ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿ ಚುಚ್ಚುತ್ತೆ. ಇದನ್ನೆಲ್ಲ "ವಯಸ್ಸಾಯ್ತು" ಅಂತ ತಳ್ಳಿಹಾಕ್ತಾರೆ. ವಯಸ್ಸಾಗಿದ್ದು ಎಲ್ಲಿ, ಇನ್ನೂ ನಲವತ್ತು ದಾಟಿಲ್ಲದವರು ಇವರು.

ಇಲ್ಲೂ ಇಬ್ಬರಿದ್ದರೆ ಮೈ ಉಳಿಯುತ್ತೆ. ಹತ್ತು ಹದಿನೈದು ನಿಮಿಷಕ್ಕೆ ಒಬ್ಬ ಇಳಿದು ಇನ್ನೊಬ್ಬ ಹತ್ತಬಹುದು. ಮೇಲಿನವನು ಆಚೆ ಬಾಗಿ ಕೈ ಚಾಚುವ ಬದಲು ಏಣಿಯನ್ನೇ ಸರಿಸಬಹುದು. ಹೊಕ್ಕಳು ಏಣಿಯ ಎರಡು ಕಾಲಿನ ನಡುವೆಯೇ ಇರಬೇಕು, ಅದರಾಚೆ ಬಾಗಿದರೆ ಏಣಿ ಮಗುಚುತ್ತೆ. ಒಬ್ಬನೇ ಇದ್ದಾಗ ಇಳಿದು ಸರಿಸಿ ಮತ್ತೆ ಹತ್ತೋದು ಯಾಕೆ ಅಂತ ಎಲ್ಲರೂ ಬಾಗೇ ಬಾಗ್ತಾರೆ. ಫ್ಯಾನಿನ ಜೋಡಣೆ, ಲೈಟಿನ ವೈರ್ ಕನೆಕ್ಷನ್, ಎಷ್ಟು ಆಗುತ್ತೋ ಅಷ್ಟು ಕೆಳಗೇ ಮುಗಿಸಿ ಆಮೇಲೆ ಮೇಲೇರಿಸಬೇಕು. ಕೈ ತಲೆ ಮೇಲಿರುವ ಹೊತ್ತು ಅಷ್ಟು ಕಮ್ಮಿ ಆಗುತ್ತೆ.

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ರೈಸ್ ಮಿಲ್ಲುಗಳಲ್ಲಿ ಕೆಲಸ ಮಾಡುವವರು ಇದಕ್ಕಿಂತ ಕಷ್ಟದಲ್ಲಿದ್ದಾರೆ. ತೌಡಿನ ಧೂಳು ಮೆಟ್ಟಿಲ ಮೇಲೆ, ಚಪ್ಪಲಿಯ ಕೆಳಗೆ, ಎಲ್ಲ ಕಡೆ ಕೂತು ಜಾರುತ್ತೆ. ಮೇಲೆ ತಗಡಿನ ಶೀಟು, ಮೇ ತಿಂಗಳ ಮಧ್ಯಾಹ್ನ. ಬೆವರಿದ ಮೈಗೆ ಶಾಕ್ ಕೂಡ ಜೋರಾಗಿ ಹೊಡೆಯುತ್ತೆ. ಅಷ್ಟು ಎತ್ತರದ ಕೆಲಸಕ್ಕೆ ಏಣಿಯೇ ತಪ್ಪು, ಸಾರವೆ ಕಟ್ಟಬೇಕು, ಬೆಲ್ಟ್ ಕೊಡಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ಹನ್ನೊಂದರೊಳಗೆ ಮೇಲಿನ ಕೆಲಸ ಮುಗಿಸಿ ಮಧ್ಯಾಹ್ನ ಬೋರ್ಡಿನ ಕೆಲಸ ಇಟ್ಟುಕೊಂಡರೆ ಮಿಲ್ ಮಾಲೀಕರಿಗೆ ಏನೂ ನಷ್ಟ ಇಲ್ಲ.

ನಾನು ಈಗ ಕೊಟೇಶನ್ನಿನಲ್ಲಿ ಎರಡನೇ ಆಳಿನ ಕೂಲಿಯನ್ನು ಬೇರೆ ಸಾಲಿನಲ್ಲೇ ಬರೀತೀನಿ. ಅದನ್ನು ಹೊಡೆದುಹಾಕಿದರೆ ಆ ಕೆಲಸ ನನಗೆ ಬೇಡ. ಬಳ್ಳಾರಿ, ಕೊಪ್ಪಳ, ರಾಯಚೂರಿನ ನಮ್ಮ ಕಸುಬಿನವರೆಲ್ಲ ಹೀಗೇ ಬರೆಯೋಕೆ ಶುರು ಮಾಡಿದರೆ ಕಮ್ಮಿ ರೇಟಿಗೆ ಒಬ್ಬನೇ ಹೋಗಿ ಹತ್ತುವ ಪೈಪೋಟಿ ನಿಲ್ಲುತ್ತೆ. ಇದು ನಮ್ಮ ಕೈಯಲ್ಲೇ ಇದೆ.

ಇನ್ನೊಂದು ವಿಷಯ. ಕಟ್ಟಡ ಕಾರ್ಮಿಕರ ಕಾರ್ಡ್ ಗಾರೆಯವರಿಗೆ ಮಾತ್ರ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಕಟ್ಟಡದಲ್ಲಿ ವೈರಿಂಗ್ ಮಾಡುವವರಿಗೂ ಅದು ಸಿಗುತ್ತೆ. ವಯಸ್ಸು 18ರಿಂದ 60ರ ಒಳಗಿರಬೇಕು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಕೆಲಸದಲ್ಲಿ ಪೆಟ್ಟಾದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೆರವು ಕೇಳೋಕೆ ಆ ಕಾರ್ಡ್ ಬೇಕೇ ಬೇಕು. ಏಣಿ ಹಿಡಿಯುವ ಹುಡುಗರಿಗೂ ಮಾಡಿಸಿ. ಬಳ್ಳಾರಿಯಲ್ಲಿ ಯಾರಿಗಾದರೂ ಅರ್ಜಿ ತುಂಬೋದು ಗೊತ್ತಾಗದಿದ್ದರೆ ಇನ್‌ಬಾಕ್ಸಿಗೆ ಬನ್ನಿ, ಭಾನುವಾರ ನಾನೇ ಜೊತೆಗೆ ಕೂತು ತುಂಬಿಕೊಡ್ತೀನಿ.