ಸಿಡಿಯದ ಬಾಂಬಿಗೆ 40 ವರ್ಷ ಜೈಲು, ಸರಿಯೇ?

ಪರ

2005ರ ಜುಲೈ 21ರ ಮಧ್ಯಾಹ್ನ. ಲಂಡನ್ನಿನ ಸುರಂಗ ರೈಲು ಓವಲ್ ನಿಲ್ದಾಣದ ಕಡೆ ಹೋಗ್ತಿತ್ತು. ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡಿದ್ದ ತಾಯಿಯ ಕಡೆ ತನ್ನ ಬೆನ್ನುಚೀಲ ತಿರುಗಿಸಿ ನಿಂತ ರಮ್ಜಿ ಮೊಹಮ್ಮದ್ ಬಾಂಬ್ ಚಾಲೂ ಮಾಡಿದ. ಬಾಂಬಿಗೆ ಕಿಡಿ ಕೊಡುವ ಡಿಟೊನೇಟರ್ ಸಿಡಿಯಿತು. ಮುಖ್ಯ ಸ್ಫೋಟಕ ಹೊತ್ತಲಿಲ್ಲ. ನೆಲದ ಮೇಲೆ ಹಳದಿ ಮುದ್ದೆ ಚೆಲ್ಲಿತು. ರಜೆಯಲ್ಲಿದ್ದ ಅಗ್ನಿಶಾಮಕ ಸಿಬ್ಬಂದಿಯೊಬ್ಬ "ಏನಿದು?" ಅಂತ ಗದರಿಸಿದ. "ಬ್ರೆಡ್ಡು" ಅಂದ ಇವನು. ಪೂರ್ತಿ ಸುಳ್ಳೂ ಅಲ್ಲ ನೋಡಿ, ರಾಸಾಯನಿಕದ ಜೊತೆ ಕಲಸಿದ್ದು ಚಪಾತಿ ಹಿಟ್ಟನ್ನೇ.

ಅದೇ ಹೊತ್ತಿಗೆ ಶೆಫರ್ಡ್ಸ್ ಬುಷ್, ವಾರೆನ್ ಸ್ಟ್ರೀಟ್ ಮತ್ತು 26ನೇ ನಂಬರಿನ ಬಸ್ಸಿನಲ್ಲೂ ಇನ್ನು ಮೂವರು ಇದೇ ಕೆಲಸ ಮಾಡಿದರು. ಎಲ್ಲವೂ ಠುಸ್ ಆದವು. ಎರಡೇ ವಾರದ ಹಿಂದೆ, ಜುಲೈ 7ರಂದು, ಇಂಥದ್ದೇ ದಾಳಿಯಲ್ಲಿ 52 ಜನ ಸತ್ತಿದ್ದರು. 2007ರಲ್ಲಿ ಈ ನಾಲ್ವರಿಗೂ ಜೀವಾವಧಿ ಶಿಕ್ಷೆಯಾಯಿತು, ಕನಿಷ್ಠ 40 ವರ್ಷ ಒಳಗೇ ಇರಬೇಕು.

ಯಾರೂ ಸಾಯಲಿಲ್ವಲ್ಲ ಅನ್ನುತ್ತಾರೆ. ನಿಜ. ಆದರೆ ಉಳಿಸಿದ್ದು ಇವರೇನಲ್ಲ. ಕೊನೇ ಗಳಿಗೆಯಲ್ಲಿ ಮನಸ್ಸು ಕರಗಿ ಕೈ ಹಿಂದೆ ತೆಗೆದಿದ್ದರೆ ಮಾತು ಬೇರೆ. ಇಲ್ಲಿ ಹದ ತಪ್ಪಿದ್ದು ಹಿಟ್ಟು, ಮನಸ್ಸಲ್ಲ. ಇರಾಕ್ ಯುದ್ಧದ ವಿರುದ್ಧ ಸುಮ್ನೆ ಹೆದರಿಸೋಕೆ ಮಾಡಿದ್ದು ಅಂತ ಕೋರ್ಟಿನಲ್ಲಿ ವಾದಿಸಿದರು. ಹೆದರಿಸೋಕೆ ಡಬ್ಬಿಯ ಸುತ್ತ ಸ್ಕ್ರೂ, ನಟ್ಟುಗಳನ್ನು ಟೇಪ್ ಹಾಕಿ ಅಂಟಿಸ್ತಾರಾ? ಮನೆಯವರಿಗೆ ವಿದಾಯದ ಪತ್ರ ಬರೆದಿಡ್ತಾರಾ? ತಲೆಗೆ ಬಂದದ್ದು ಮುಂಡಾಸಿಗೆ ಹೋಯ್ತು ಅಂತ ಪ್ರಯಾಣಿಕರು ನಿಟ್ಟುಸಿರು ಬಿಡಬಹುದು. ಅದರ ರಿಯಾಯಿತಿ ಕತ್ತಿ ಬೀಸಿದವನಿಗೆ ಯಾಕೆ ಸಿಗಬೇಕು?

ವಿರೋಧ

ಇವರು ಅಮಾಯಕರು ಅಂತ ನಾನು ಹೇಳ್ತಿಲ್ಲ. ಜೈಲು ಆಗಲೇಬೇಕು, ದೀರ್ಘವಾಗಿಯೇ. ನನ್ನ ತಕರಾರು ಅಳತೆಯದ್ದು.

2017ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಪಾರ್ಸನ್ಸ್ ಗ್ರೀನ್‌ನಲ್ಲಿ ಅಹ್ಮದ್ ಹಸನ್ ಅನ್ನುವ ಹುಡುಗ ರೈಲಿನಲ್ಲಿಟ್ಟ ಬಕೆಟ್ ಬಾಂಬ್ ಅರ್ಧ ಸಿಡಿಯಿತು. ಬೆಂಕಿಯ ಉಂಡೆ ಬೋಗಿಯಲ್ಲಿ ಹಾಯ್ದು, ಜನರ ಮೈ ಸುಟ್ಟಿತು. ಅವನಿಗೆ ಕನಿಷ್ಠ 34 ವರ್ಷ. ಆ ಹುಡುಗನ ವಯಸ್ಸು ಚಿಕ್ಕದು, ಒಪ್ಪಿದೆ. ಆದರೂ ಮೈ ಸುಟ್ಟದ್ದಕ್ಕಿಂತ ಠುಸ್ ಆದದ್ದಕ್ಕೇ ಜಾಸ್ತಿ ಆಯ್ತಲ್ಲ.

ಜುಲೈ 21ರ ಗುಂಪಿನಲ್ಲಿ ಐದನೆಯವನೂ ಇದ್ದ. ಅವನು ತನ್ನ ಬಾಂಬನ್ನು ಪೊದೆಯಲ್ಲಿ ಎಸೆದು ಹೋದ. ಅವನಿಗೂ 33 ವರ್ಷ. ಅದು ಜೀವಾವಧಿ ಅಲ್ಲ, ಲೆಕ್ಕ ಬೇರೆ. ಆದರೂ ಹಿಂದೆ ಸರಿದವನಿಗೆ ಸಿಕ್ಕಿದ್ದೇನು?

ನಮ್ಮ ಭಾರತೀಯ ನ್ಯಾಯ ಸಂಹಿತೆಯ 109ನೇ ಸೆಕ್ಷನ್ ನೋಡಿ. ಕೊಲೆ ಯತ್ನಕ್ಕೆ 10 ವರ್ಷದವರೆಗೆ ಜೈಲು, ಗಾಯವಾಗಿದ್ದರೆ ಜೀವಾವಧಿಯೂ ಆಗಬಹುದು. ಭಯೋತ್ಪಾದನೆಗೆ ಯುಎಪಿಎ ಅನ್ನುವ ಕಾನೂನು ಬೇರೆ ಇದೆ, ಅದರಲ್ಲೂ ಜನ ಸತ್ತರೆ ಶಿಕ್ಷೆ ಬೇರೆ, ಸಾಯದಿದ್ದರೆ ಬೇರೆ. ಏನಾಯ್ತು ಅನ್ನುವುದಕ್ಕೂ ಕಾನೂನು ತೂಕ ಕೊಡುತ್ತದೆ.

ಮರುದಿನ, ಜುಲೈ 22ರಂದು, ನಿಜವಾಗಿ ಒಬ್ಬ ಸತ್ತ. ಬ್ರೆಜಿಲ್‌ನ ಎಲೆಕ್ಟ್ರಿಷಿಯನ್ ಜೀನ್ ಚಾರ್ಲ್ಸ್ ಡಿ ಮೆನೆಜಿಸ್. ತಪ್ಪಿಸಿಕೊಂಡ ಬಾಂಬರ್ ಇವನೇ ಅಂದುಕೊಂಡು ಸ್ಟಾಕ್‌ವೆಲ್‌ನಲ್ಲಿ ನಿಂತಿದ್ದ ರೈಲಿನೊಳಗೇ ಪೊಲೀಸರು ತಲೆಗೆ ಗುಂಡು ಹೊಡೆದರು. ಅಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ, ಹೆಣ ಇತ್ತು. ಯಾವ ಪೊಲೀಸನೂ ಜೈಲಿಗೆ ಹೋಗಲಿಲ್ಲ. ಇಲಾಖೆಗೆ 1,75,000 ಪೌಂಡ್ ದಂಡ ಬಿತ್ತು.