ಮೆಟ್ಟಿಲ ಮೂಲೆಯ ಕಾವಲು ದೇವರು

ಕಲಬುರಗಿಯ ಜಗತ್ ವೃತ್ತದ ಆಸುಪಾಸಿನ ಯಾವುದಾದರೂ ಹಳೆಯ ಕಟ್ಟಡದ ಮೆಟ್ಟಿಲು ಹತ್ತಿ ನೋಡಿ. ತಿರುವಿನ ಮೂಲೆಯಲ್ಲಿ, ನೆಲದಿಂದ ಒಂದು ಗೇಣು ಮೇಲೆ, ಯಾರೂ ಉಗುಳದಿರಲೆಂದು ಅಂಟಿಸಿದ ಟೈಲ್ಸ್‌ನಲ್ಲಿ ದೇವರಿದ್ದಾರೆ. ಮೊದಲ ತಿರುವಿಗೆ ಗಣಪತಿ, ಎರಡನೆಯದಕ್ಕೆ ಮೆಕ್ಕಾ, ಮೂರನೆಯದಕ್ಕೆ ಶಿಲುಬೆ, ಮಹಡಿ ಹೆಚ್ಚಿದ್ದರೆ ಸಾಯಿಬಾಬಾ, ತಿಮ್ಮಪ್ಪ. ಹೊರಗೆ ಧರ್ಮದ ಹೆಸರಿನಲ್ಲಿ ಏನೇ ಜಗಳವಿರಲಿ, ಉಗುಳಿನೆದುರು ಇವರೆಲ್ಲರದು ಒಂದೇ ಪಾಳಿ. ಸಂಬಳವಿಲ್ಲ, ರಜೆಯಿಲ್ಲ, ಪೂಜೆಯಂತೂ ಇಲ್ಲವೇ ಇಲ್ಲ. ಹೊರಗುತ್ತಿಗೆ ನೌಕರರಿಗಾದರೂ ಧರಣಿ ಕೂರುವ ಅವಕಾಶವಿದೆ.

ಶಿರಡಿ, ತಿರುಪತಿಯವರನ್ನು ಇಲ್ಲಿ ನೇಮಿಸಿಕೊಳ್ಳುವಾಗ ಸಂವಿಧಾನದ 371 ಜೆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗಿರುವ ಸ್ಥಳೀಯ ಮೀಸಲಾತಿ ಎಲ್ಲಿ ಹೋಯಿತು ಎಂದು ಕೇಳಬೇಕೆನಿಸುತ್ತದೆ. ಬೇಡ, ಕೇಳುವುದಿಲ್ಲ. ನಾಳೆ ಇದೇ ಊರಿನ ಶರಣಬಸವೇಶ್ವರರನ್ನೂ ಕರೆತಂದು ಅದೇ ಮೂಲೆಯಲ್ಲಿ ನಿಲ್ಲಿಸಿಯಾರು.

ಕಾನೂನಿಗೇನೂ ಬರವಿಲ್ಲ. 2013ರಲ್ಲೇ ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿತು. ಆಹಾರದಲ್ಲಿ ತಂಬಾಕು ಬೆರೆಸಬಾರದೆಂಬುದು ನಿಯಮ. ಸರಿ, ಯಾರೂ ಬೆರೆಸಲಿಲ್ಲ. ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಎರಡೂ ಅಂಗಡಿಯ ಮುಂದೆ ಅಕ್ಕಪಕ್ಕದಲ್ಲೇ ಜೋತಾಡುತ್ತವೆ. ಬೆರೆಸುವ ಅಪರಾಧ ನಡೆಯುವುದು ಗಿರಾಕಿಯ ಬಾಯಿಯೊಳಗೆ. ಅದು ಆಹಾರ ಸುರಕ್ಷತಾ ಅಧಿಕಾರಿಯ ವ್ಯಾಪ್ತಿಗೆ ಬರುವುದಿಲ್ಲ.

2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಇನ್ನೂ ಖಡಕ್. 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಸಾರ್ವಜನಿಕ ಸ್ಥಳದಲ್ಲಿ ತಂಬಾಕು ಜಗಿದು ಉಗುಳಿದರೆ 1,000 ರೂಪಾಯಿವರೆಗೆ ದಂಡ. ಅಂಗಡಿಯವನು ಕಾನೂನು ಪಾಲಿಸುವುದಿಲ್ಲ ಎನ್ನಬೇಡಿ, ಹುಡುಗ ಬಂದರೆ ವಿಚಾರಣೆ ಮಾಡಿಯೇ ಕೊಡುತ್ತಾನೆ: "ನಿನಗೋ, ನಿಮ್ಮಪ್ಪನಿಗೋ?" ಅಪ್ಪನಿಗೆ ಎಂದ ಕೂಡಲೇ ಹುಡುಗನಿಗೆ 21 ತುಂಬುತ್ತದೆ.

ನನಗೆ ಬಿಡಿಸಲಾಗದ ಒಗಟು ಬೇರೆ. ತಂಬಾಕಿನ ಪೊಟ್ಟಣದ ಶೇ 85 ಭಾಗದ ಮೇಲೆ ಎಚ್ಚರಿಕೆ ಇರಬೇಕೆಂದು 2016ರಿಂದ ನಿಯಮವಿದೆ. ಕೊಳೆತ ದವಡೆಯ ಚಿತ್ರ ಎಷ್ಟು ಘೋರವೆಂದರೆ ಊಟದ ಹೊತ್ತಿಗೆ ನೋಡಬಾರದು. ನಮ್ಮವರು ಅದನ್ನು ಹಲ್ಲಿನಲ್ಲೇ ಹರಿದು, ದವಡೆಗೆ ಸುರಿದುಕೊಂಡು, ಮೂಲೆಯತ್ತ ತಿರುಗುತ್ತಾರೆ. ಅಲ್ಲಿ ಅಂಗೈಯಗಲದ ಟೈಲ್ಸ್‌ನಲ್ಲಿ ಗಣಪತಿ ಕಂಡದ್ದೇ ತಡ, ಕೆನ್ನೆ ಕೆನ್ನೆ ಬಡಿದುಕೊಂಡು ನಾಲ್ಕು ಬೆರಳು ಆಚೆಗೆ ಉಗುಳುತ್ತಾರೆ. ಕ್ಯಾನ್ಸರಿಗೆ ಅಂಜದವರು ಪಾಪಕ್ಕೆ ಅಂಜುತ್ತಾರೆ, ಅದೂ ನಾಲ್ಕು ಬೆರಳಿನಷ್ಟು. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಘಟಕ ಇದೇ ಊರಿನಲ್ಲಿದೆ. ಅಲ್ಲಿನ ಸಾಲಿನಲ್ಲಿ ಕೂತಾಗ ಮಾತ್ರ ಭಕ್ತಿ ಪೂರ್ಣಪ್ರಮಾಣದಲ್ಲಿ ಉಕ್ಕುತ್ತದೆ.

ಗೋಡೆಗೆ ದೇವರ ಚಿತ್ರ ಅಂಟಿಸುವುದನ್ನು ತಡೆಯಿರಿ ಎಂದು ಕೋರಿದ್ದ ಅರ್ಜಿಯೊಂದನ್ನು ದೆಹಲಿ ಹೈಕೋರ್ಟ್ 2022ರಲ್ಲಿ ವಜಾ ಮಾಡಿತು. ಹಾಗಾಗಿ ದೇವರ ನೌಕರಿ ಸದ್ಯಕ್ಕೆ ಭದ್ರ.

ಮೇ 31, ತಂಬಾಕು ರಹಿತ ದಿನ. ಕಚೇರಿಯೊಂದರ ಮೂರನೆಯ ಮಹಡಿಯಲ್ಲಿ ಕಾರ್ಯಕ್ರಮ. ಮುಖ್ಯ ಅತಿಥಿಗಳು "ಇಂದಿನ ಯುವಜನತೆ ದಾರಿ ತಪ್ಪುತ್ತಿದೆ" ಎಂದು ಮುಕ್ಕಾಲು ಗಂಟೆ ಮಾತನಾಡಿದರು. ಬಿಸಿಲಿಗೆ ಬಸವಳಿದ ಕಾಲೇಜು ಹುಡುಗರು ಕೈ ಮುಂದೆ ಚಾಚಿ ಪ್ರಮಾಣ ಮಾಡಿ, ಉಪ್ಪಿಟ್ಟು ತಿಂದು ಹೋದರು. ಅತಿಥಿಗಳು ಮೆಟ್ಟಿಲಿಳಿಯುವಾಗ ಜೇಬಿನಿಂದ ಎರಡು ಪೊಟ್ಟಣ ತೆಗೆದರು. ಕಾನೂನಿನಂತೆ ಬೇರೆ ಬೇರೆ. ತುಸು ಹೊತ್ತಿಗೆ ಬಾಯಿ ತುಂಬಿತು. ಒಂದು ಮೂಲೆ ನೋಡಿದರು, ಶಿಲುಬೆ. ಕೆಳಗಿನದು ನೋಡಿದರು, ಮೆಕ್ಕಾ.

"ಸಾಹೇಬರೇ, ಈ ಕಡೆ ಕಿಟಕಿ ಇದೆ" ಎಂದು ಜವಾನ ತೋರಿಸಿದ.

ಕಿಟಕಿಯ ಕೆಳಗೆ ನನ್ನ ಸ್ಕೂಟರ್ ನಿಂತಿತ್ತು. ಮರುದಿನವೇ ಹೋಗಿ ದೇವರ ಸ್ಟಿಕ್ಕರ್ ತಂದಿದ್ದೇನೆ. ಸೀಟಿನ ಮೇಲೆ ಅಂಟಿಸೋಣವೆಂದರೆ, ಅದರ ಮೇಲೆ ಕೂರಬೇಕಾದವನು ನಾನೇ.